ಇಷ್ಟುದ್ದ ಹೆಸರು

ನನ್ನ ಸೋದರಮಾವನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ ಎಂದು ಮನೆಯಲ್ಲೂ ಹೇಳುತ್ತಾರೆ, ಕಚೇರಿಯಲ್ಲೂ ಹೇಳುತ್ತಾರೆ. ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ. ಆಸ್ಪತ್ರೆಯ ಯಂತ್ರಗಳಿಗೆ ಆಪರೇಟಿಂಗ್ ಸಿಸ್ಟಂ ಬರೆಯುವ ಕಚೇರಿ ನಮ್ಮದು. ಮಾವ ಬರೆಯುತ್ತಾರೆ, ನಾನು ಅದರಲ್ಲಿ ಹುಳುಕು ಹುಡುಕುತ್ತೇನೆ. ಸಂಬಳ ಕೊಟ್ಟು ಜಗಳಗಂಟಿಯನ್ನು ಸಾಕಿದ್ದಾರೆ ಎಂದು ಮಾವ ರೇಗಿಸುವುದುಂಟು.

ಆ ಬೆಳಿಗ್ಗೆ ನನ್ನ ಮೇಜಿನ ಮೇಲೆ ಔಷಧಿ ಪಂಪು ಇತ್ತು. ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಪೆಟ್ಟಿಗೆ ಅದು. ಅದಕ್ಕೆ ನರ್ಸು ಕೊಟ್ಟ ಹೆಸರನ್ನು ವಾರ್ಡಿನ ಪರದೆಗೆ ತಲುಪಿಸುವುದು ಮಾವ ಬರೆದ ಪ್ರೋಗ್ರಾಮಿನ ಕೆಲಸ. ಸಿರಿಂಜಿಗೆ ನೀರು ತುಂಬಿ, ಬೇಕೆಂದೇ ಮಾರುದ್ದದ ಹೆಸರು ಕಳಿಸಿದೆ.

ಗುಂಯ್ ಎಂದಿತು ಮೋಟಾರು. ಇಡೀ ದಿನ ಇಳಿಯಬೇಕಾದ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಜಿನ ಮೇಲೆ ಹರಿಯುತ್ತಿತ್ತು. ಅಯ್ಯೋ ದೇವರೇ!

"ಮಾವ, ಬನ್ನಿ ಇಲ್ಲಿ!"

ಬಂದರು, ನೋಡಿದರು, ನಕ್ಕರು. "ಪಂಪಿಗೆ ಇಷ್ಟುದ್ದ ಹೆಸರು ಯಾವ ಪುಣ್ಯಾತ್ಮ ಇಡ್ತಾನೆ? ಹಾಸಿಗೆ ಎರಡು ಅಂತ ಬರೀತಾರೆ, ಮುಗೀತು."

"ಅಳೆದು ಒಳಗೆ ಬಿಡೋಕೆ ನಿಮಗೇನಾಗಿತ್ತು?" ಎಂದು ಕಿರುಚಿಯೇಬಿಟ್ಟೆ. ಪಂಪಿನ ಮೆಮೊರಿಯಲ್ಲಿ ಹೆಸರಿಗೆಂದು ಪುಟ್ಟ ಜಾಗ ಇಟ್ಟು, ಬಂದದ್ದು ಎಷ್ಟುದ್ದ ಎಂದು ನೋಡದೆ ಸುರಿದಿದ್ದರು, ಲೋಟಕ್ಕೆ ಕೊಡ ನೀರು ಸುರಿದ ಹಾಗೆ. ಮಿಕ್ಕಿದ್ದು ಚೆಲ್ಲಿ, ಪಕ್ಕದಲ್ಲೇ ಬರೆದಿಟ್ಟಿದ್ದ ಮೋಟಾರಿನ ವೇಗವನ್ನೇ ಅಳಿಸಿತ್ತು. ಕಂಪ್ಯೂಟರಿಗೆ ನುಗ್ಗುವ ಕಳ್ಳನೊಬ್ಬ ಲೆಕ್ಕ ಹಾಕಿ ಚೆಲ್ಲಿಸಿದರೆ ಇಡೀ ಪಂಪು ಅವನ ಕೈಗೊಂಬೆ.

ಮಾವನ ನಗು ಅಲ್ಲೇ ನಿಂತಿತು. ಹಿಂದಿನ ದಿನವಷ್ಟೇ ಅವರ ಹೆಂಡತಿಗೆ, ನಮ್ಮತ್ತೆಗೆ, ಆಪರೇಷನ್ ಆಗಿತ್ತು. ಅತ್ತೆಯ ಹಾಸಿಗೆ ಪಕ್ಕದಲ್ಲಿದ್ದದ್ದೂ ಇಂಥದೇ ಪಂಪು, ಒಳಗೆ ನೋವಿನ ಔಷಧಿ. ಅದು ಒಮ್ಮೆಗೇ ಮೈಗೆ ಹೋದರೆ ಉಸಿರೇ ನಿಲ್ಲುತ್ತದೆ.

ನಾನು ಅತ್ತೆಯ ವಾರ್ಡಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಸಿಸ್ಟರ್, ನಮ್ಮತ್ತೆ ಪಂಪು ಮುಟ್ಟಬೇಡಿ!"

"ಈಗ ತಾನೇ ಪಂಪು ಬದಲಾಯಿಸಿದ್ನಲ್ಲ," ಎಂದಳು ನರ್ಸು. "ಹೆಸರು ಟೈಪ್ ಮಾಡಿ ಆಯ್ತು, ಸೇವ್ ಒತ್ತೋದೊಂದು ಬಾಕಿ."

"ಒತ್ಬೇಡಮ್ಮಾ!" ಮಾವನ ಗಂಟಲು ಒಡೆದೇ ಹೋಯಿತು. "ನಿನ್ನ ದಮ್ಮಯ್ಯ, ಒತ್ಬೇಡ! ಮೊದಲು ಅವಳ ಕೈಯಿಂದ ನಳಿಕೆ ಬಿಡಿಸು!"

ಆ ಕಡೆ ಏನೋ ಸದ್ದು, ಆಮೇಲೆ ಏನೂ ಇಲ್ಲ. ಮಾವ ನನ್ನ ಭುಜ ಹಿಡಿದಿದ್ದರು, ನೋಯುವಷ್ಟು.

"ಬಿಡಿಸ್ದೆ ಸರ್. ಅಮ್ಮ ಚೆನ್ನಾಗಿದ್ದಾರೆ. ಯಾಕೆ ಹೀಗೆ ಕೂಗ್ತಿದ್ದಾರೆ ಅಂತ ಕೇಳ್ತಿದ್ದಾರೆ."

ನನಗೆ ಹೋದ ಜೀವ ಬಂತು. "ಏನಂತ ಹೆಸರು ಬರೆದಿದ್ರಿ ಸಿಸ್ಟರ್?"

ಅವಳು ಓದಿದಳು. ವಾರ್ಡು, ಹಾಸಿಗೆ, ಅತ್ತೆಯ ಪೂರ್ತಿ ಹೆಸರು, ಗಂಡನ ಹೆಸರು, ಡಾಕ್ಟರ ಹೆಸರು, ಯಾವ ಯಾವ ಔಷಧಿ ಆಗಿಬರುವುದಿಲ್ಲ ಎಂಬುದು. ಮುಗಿಯುವಂತೆಯೇ ಕಾಣಲಿಲ್ಲ.

"ಅಷ್ಟೆಲ್ಲಾ ಯಾಕೆ ಬರೆದ್ರಿ?"

"ಅಯ್ಯೋ, ನಿನ್ನೆ ಸರ್ರೇ ಹೇಳಿದ್ರಲ್ಲ! ಬರೀ ಹಾಸಿಗೆ ಎರಡು ಅಂತ ಬರೆದ್ರೆ ಅದಲುಬದಲಾಗತ್ತೆ, ನನ್ನ ಹೆಂಡ್ತಿದು ಒಂದಕ್ಷರ ಬಿಡದೆ ಬರೀರಿ ಅಂತ. ಒಳ್ಳೇ ಮಾತು ಅನ್ನಿಸ್ತು. ಇವತ್ತಿಂದ ಎಲ್ಲಾ ಹಾಸಿಗೆಗೂ ಹಾಗೇ ಬರೆಯೋಣ ಅಂತಿದ್ವಿ."

ಮಾವ ಕುರ್ಚಿಯ ಮೇಲೆ ಕುಸಿದರು. ಅವರು ಅಂಗಿಯ ತೋಳಿನಿಂದಲೇ ಮೇಜಿನ ಮೇಲಿನ ನೀರು ಒರೆಸತೊಡಗಿದರು, ಒರೆಸಿದಲ್ಲೇ ಒರೆಸಿದರು.

"ಈ ಪಂಪು ಇರೋ ಆಸ್ಪತ್ರೆಗೆಲ್ಲಾ ಫೋನ್ ಮಾಡು," ಎಂದರು ಕೊನೆಗೆ. "ಬರೆದೋನು ನಾನೇ ಅಂತ ಹೇಳು."