ಕುಂಟ ಡ್ರ್ಯಾಗನ್‌ಗೆ ಬಹಿಷ್ಕಾರ

ಬೆಮಿಜಿ ಊರಿನಲ್ಲಿ ಯಾರೂ ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದಿಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದರೂ ಮೊದಲು ಚಳಿಯ ಬಗ್ಗೆ ಎರಡು ಮಾತಾಡಿ, ಆಮೇಲೆ ‘ನಿಮ್ಮ ಮನೆ ಕಡೆ ಸ್ವಲ್ಪ ಬೆಚ್ಚಗಿರೋ ಹಾಗಿದೆ’ ಎನ್ನುತ್ತಾರೆ. ರೋಂಡಾ ಸ್ಕೋಗ್ಲಂಡ್‌ಳ ಅಂಗಡಿಗೆ ಬಹಿಷ್ಕಾರ ಬಿದ್ದದ್ದು ಈ ಸೌಜನ್ಯದಿಂದಲೇ.

ಅಂಗಡಿಯ ಹೆಸರು ಕುಂಟ ಡ್ರ್ಯಾಗನ್. ಬಣ್ಣಬಣ್ಣದ ದಾಳಗಳು, ಹೆಬ್ಬೆರಳುದ್ದದ ರಾಕ್ಷಸರು, ಎತ್ತಲಾರದಷ್ಟು ಭಾರದ ಆಟದ ಡಬ್ಬಗಳು ಅಲ್ಲಿ ಸಿಗುತ್ತವೆ. ಹಿಂಭಾಗದಲ್ಲಿ ಒಂದು ದೊಡ್ಡ ಮೇಜು. ಗುರುವಾರ ಸಂಜೆ ಅದರ ಸುತ್ತ ಐದು ಜನ ಕೂತು, ಇಲ್ಲದ ಗುಹೆಯೊಂದರಲ್ಲಿ ನಡೆಯುತ್ತಾರೆ. ಅಂಚೆ ಕಚೇರಿಯ ಕರ್ಟಿಸ್ ಕಥೆ ಹೇಳುತ್ತ ಆಟ ನಡೆಸುವವನು. ಮಿಕ್ಕವರಿಗೆ ಒಂದೊಂದು ಪಾತ್ರ. ಒಂದೇ ಕಥೆ ವರ್ಷಗಟ್ಟಲೆ ನಡೆದಿದೆ. ಇಷ್ಟು ಕಾಲದಲ್ಲಿ ಇವರು ಕೊಂಡದ್ದು ಕೆಲವು ಪೆನ್ಸಿಲ್ಲು. ಕರ್ಟಿಸ್ ಅದನ್ನೂ ಎರವಲು ಪಡೆಯುತ್ತಾನೆ.

ಐವರಲ್ಲಿ ಹಿರಿಯ ವೆಂಡೆಲ್ ಹೌಗನ್. ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಹೆಂಡತಿ ಜಾಯ್ಸ್ ತೀರಿಕೊಂಡ ಮೇಲೆ ಅವಳ ಕುರ್ಚಿಯಲ್ಲಿ ಬಂದು ಕೂತ. ಅವಳ ಪಾತ್ರವಾದ, ದೀಪ ಹಿಡಿದು ಎಲ್ಲರ ಮುಂದೆ ನಡೆಯುವ ಕುಳ್ಳಿಯನ್ನೂ ವಹಿಸಿಕೊಂಡ. ಬರುವಾಗ ಟವೆಲ್ ಸುತ್ತಿದ ದೊಡ್ಡ ಪಾತ್ರೆಯಲ್ಲಿ ಹಾಟ್‌ಡಿಶ್ ತಂದ. ಟ್ಯೂನಾ ಮೀನು, ನೂಡಲ್ಸು, ಡಬ್ಬಿಯ ಅಣಬೆ ಸೂಪು, ಮೇಲೆ ಪುಡಿ ಮಾಡಿದ ಚಿಪ್ಸು. ಊರಿನ ಮನೆಮನೆಯಲ್ಲೂ ಮಾಡುವ ಅಡುಗೆಯೇ. ಆದರೆ ವೆಂಡೆಲನ ಕೈಯಲ್ಲಿ ಅದು ರಸ್ತೆ ಗುಂಡಿ ಮುಚ್ಚಲು ಹೇಳಿ ಮಾಡಿಸಿದ ಹಾಗೆ ಬರುತ್ತಿತ್ತು. ಪಾಪ, ಹೆಂಡತಿಯನ್ನು ಕಳಕೊಂಡವನು ಎಂದು ಎಲ್ಲರೂ ‘ಆಹಾ’ ಎಂದರು. ಅಲ್ಲಿಗೆ ಕೆಟ್ಟಿತು. ಅಂದಿನಿಂದ ಪ್ರತಿ ಗುರುವಾರ ಹಾಟ್‌ಡಿಶ್, ಪ್ರತಿ ಗುರುವಾರ ಆಹಾ.

ಕೊನೆಗೆ ಒಂದು ದಿನ ಮಿಕ್ಕ ನಾಲ್ವರ ಪರವಾಗಿ ಕರ್ಟಿಸ್ ಮತ್ತು ಹಲ್ಲಿನ ಆಸ್ಪತ್ರೆಯ ಹೈಡಿ ಕಳ್ಳರಂತೆ ರೋಂಡಾಳ ಗಲ್ಲಾಪೆಟ್ಟಿಗೆಯ ಹತ್ತಿರ ಬಂದರು.

“ರೋಂಡಾ, ನೀವು ಒಂದು ಬೋರ್ಡ್ ಹಾಕಿಬಿಡಿ. ಹೊರಗಿನ ತಿಂಡಿ ಒಳಗೆ ತರಬಾರದು ಅಂತ,” ಎಂದ ಕರ್ಟಿಸ್.

“ನೀವೇ ಹೇಳಬಾರ್ದಾ ಅವರಿಗೆ?”

“ಅಯ್ಯೋ, ಹೆಂಗೆ ಹೇಳೋದು? ಬೇಜಾರು ಮಾಡ್ಕೋತಾರೆ.”

“ನನ್ನ ಮೇಲೆ ಬೇಜಾರಾದ್ರೆ ಪರವಾಗಿಲ್ವಾ?”

“ನಿಮ್ದು ಅಂಗಡಿ. ಅಂಗಡಿಯವರು ಒರಟಾಗಿರೋದು ಸಹಜ ಅಲ್ವಾ?” ಎಂದಳು ಹೈಡಿ, ತುಂಬ ಮೃದುವಾಗಿ.

ರೋಂಡಾಳಿಗೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವಳೂ ಅದೇ ಊರಿನವಳು. ಬೋರ್ಡು ಹಾಕಿದಳು.

ಗುರುವಾರ ವೆಂಡೆಲ್ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತು ಬೋರ್ಡನ್ನು ಓದಿದ. ನಿಧಾನವಾಗಿ ಕೆಂಪಾದ. “ನನಗೇನೂ ಇಲ್ಲ, ರೋಂಡಾ. ಆದ್ರೆ ಇವರು ದಿನವಿಡೀ ದುಡಿದು ಹಸಿದುಕೊಂಡು ಬರ್ತಾರೆ. ಇವರ ಬಾಯಿಂದ ತುತ್ತು ಕಿತ್ಕೊಳ್ಳೋದು ಸರಿಯಲ್ಲ. ಇವತ್ತಿಂದ ಈ ಅಂಗಡಿಗೆ ನಮ್ಮ ಬಹಿಷ್ಕಾರ. ಏನಂತೀರ್ರಪ್ಪಾ?”

ಮೇಜಿನ ಸುತ್ತ ಇದ್ದ ನಾಲ್ವರೂ ಮುಖ ಮುಖ ನೋಡಿಕೊಂಡರು. ಮೊದಲು ಕೈ ಎತ್ತಿದವಳು ಹೈಡಿ. ಕರ್ಟಿಸ್ ಎರಡೂ ಕೈ ಎತ್ತಿದ. ತಾವೇ ಬೇಡಿ ಹಾಕಿಸಿದ ಬೋರ್ಡಿನ ವಿರುದ್ಧ ನಾಲ್ವರೂ ಸಾಲಾಗಿ ಹೊರನಡೆದರು. ಹೋಗುವಾಗ ಕರ್ಟಿಸ್ ರೋಂಡಾಳ ಕಡೆ ತಿರುಗಿ, ಸದ್ದಿಲ್ಲದೆ ‘ಸಾರಿ’ ಎಂದ. ಅವಳಿಗೆ ಅವನ ತಲೆಗೆ ಆಟದ ಡಬ್ಬ ಎಸೆಯುವಷ್ಟು ಸಿಟ್ಟು ಬಂತು. ದೊಡ್ಡ ಡಬ್ಬವನ್ನೇ.

ಸುದ್ದಿ ಊರಿಡೀ ಹಬ್ಬಿತು. ದಾಳ ಎಂದರೆ ಸೈತಾನನ ಹಲ್ಲು ಎಂದು ನಂಬಿದ್ದ ಚರ್ಚಿನ ಹೆಂಗಸರು, ತಾವು ಮೊದಲಿನಿಂದಲೂ ಬಹಿಷ್ಕಾರದಲ್ಲೇ ಇದ್ದೇವೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ರೋಂಡಾಳ ವ್ಯಾಪಾರದ ಕೂದಲೂ ಕೊಂಕಲಿಲ್ಲ. ಏನೂ ಕೊಳ್ಳದವರು ಕೊಳ್ಳುವುದನ್ನು ನಿಲ್ಲಿಸಿದರೆ ನಷ್ಟವೆಲ್ಲಿಂದ ಬರಬೇಕು?

ಮುಂದಿನ ಗುರುವಾರ ಐವರೂ ಅಂಗಡಿಯ ಮುಂದೆ ಹಿಮದಲ್ಲಿ ನಿಂತರು. ವೆಂಡೆಲನ ಕೈಯಲ್ಲಿದ್ದ ಫಲಕದ ಮೇಲೆ ‘ಆದಷ್ಟೂ ಇಲ್ಲಿ ಕೊಳ್ಳಬೇಡಿ, ದಯವಿಟ್ಟು’ ಎಂದಿತ್ತು. ಯಾರಾದರೂ ಕೊಂಡು ಹೊರಬಂದರೆ ಅವನೇ ಬಾಗಿಲು ತೆರೆದು ಹಿಡಿಯುತ್ತಿದ್ದ. ಮೂಗು ಮರಗಟ್ಟಿದ ಮೇಲೆ ಮಿಕ್ಕ ನಾಲ್ವರು ಹೋರಾಟ ಸಮಿತಿಯ ಸಭೆ ಸೇರಬೇಕೆಂದರು. ಹತ್ತಿರದಲ್ಲಿ ಬೆಚ್ಚಗಿದ್ದ ಜಾಗ ಒಂದೇ. ಒಳಗೆ ಬಂದು ತಮ್ಮ ಮಾಮೂಲಿ ಮೇಜಿಗೆ ಕೂತರು. ವೆಂಡೆಲ್ ಮಾತ್ರ ಬರಲಿಲ್ಲ. ಅವನದು ಹಿಡಿದ ಪಟ್ಟು ಬಿಡದ ಸ್ವಭಾವ.

ಹೀಗೇ ವಾರಗಳು ಹೋದವು. ಒಳಗೆ ಬಹಿಷ್ಕಾರದ ಸಭೆ, ಹೊರಗೆ ವೆಂಡೆಲ್. ನಿಂತಲ್ಲಿ ನಿಲ್ಲಲಾರದೆ ಅವನು ಅಂಗಡಿಯ ಮುಂದಿನ ಹಿಮವನ್ನೂ ಗೋರತೊಡಗಿದ. ಗಿರಾಕಿಗಳು ಜಾರಿ ಬೀಳಬಾರದಲ್ಲ.

ರೋಂಡಾಳಿಗೆ ನೋಡಲಾಗಲಿಲ್ಲ. ವಯಸ್ಸಾದ ಮನುಷ್ಯ, ಮೂಳೆ ಕೊರೆಯುವ ಚಳಿ. ಸತ್ಯ ಹೇಳಿಯೇ ಬಿಡುತ್ತೇನೆಂದು ಕಾಫಿ ಹಿಡಿದು ಹೊರಗೆ ಹೋದಳು.

“ಕೊಳ್ಳೋ ಹಾಗಿಲ್ಲ ನಾನು,” ಎಂದ ವೆಂಡೆಲ್.

“ಮಾರ್ತಿಲ್ಲ, ಕುಡೀರಿ. ಅಲ್ಲ ವೆಂಡೆಲ್, ಆ ಹಾಟ್‌ಡಿಶ್ ವಿಷಯ...” ಎಂದಳು. ಅವನ ಕೆಂಪಾದ ಮೂಗು ನೋಡಿ ಮಾತು ಬದಲಿಸಿದಳು. “ಚಳಿ ಜಾಸ್ತಿ ಅಲ್ವಾ?”

“ಹೂಂ, ಜಾಸ್ತಿ.” ಅವನು ಕಾಫಿ ಕುಡಿದ. “ನಿನಗೊಂದು ಹೇಳ್ತೀನಿ, ಒಳಗಿರೋರಿಗೆ ಹೇಳ್ಬೇಡ. ನಂಗೆ ಆ ಹಾಟ್‌ಡಿಶ್ ಸೇರಲ್ಲ.”

“ಏನು?”

“ಬಾಯಿಗಿಡಕ್ಕಾಗಲ್ಲ ಅದನ್ನ. ಜಾಯ್ಸ್‌ಗೂ ಸೇರ್ತಿರಲಿಲ್ಲ. ಅವರಮ್ಮನ ಅಡುಗೆ ಅದು, ಬೇಡ ಅನ್ನಕ್ಕಾಗದೆ ಕಲ್ತಿದ್ಲು. ನಾನು ಯಾವತ್ತಾದ್ರೂ ತಿಂದಿದ್ ನೋಡಿದೀಯಾ? ಮನೇಲಿ ಊಟ ಆಯ್ತು ಅಂತೀನಿ.”

ರೋಂಡಾ ನೆನಪಿಸಿಕೊಂಡಳು. ನಿಜ, ಅವನು ಎಂದೂ ತಿಂದವನಲ್ಲ.

“ಮತ್ಯಾಕೆ ಮಾಡ್ತೀರಿ ಮಾರಾಯ್ರೇ?”

“ಅವರಿಗೆ ಇಷ್ಟ ಅಲ್ವಾ? ಆಟ ನನ್ನ ತಲೆಗೆ ಹತ್ತಲ್ಲ, ರೋಂಡಾ. ಯಾವ ದಾಳ ಯಾವಾಗ ಹಾಕ್ಬೇಕು ಅಂತಾನೂ ಗೊತ್ತಾಗಲ್ಲ. ಜಾಯ್ಸ್ ಆಡೋಳು, ನಾನು ಗಾಡಿಯಲ್ಲಿ ಕೂತು ರೇಡಿಯೊ ಕೇಳೋನು. ಅವಳು ಹೋದ್ಮೇಲೂ ಗುರುವಾರ ಬಂದ್ರೆ ಮನೇಲಿ ಇರಕ್ಕಾಗ್ತಿರಲಿಲ್ಲ. ಬರಿಗೈಲಿ ಬಂದ್ರೆ ನನ್ನನ್ನ ಯಾರು ಕೂರಿಸ್ಕೋತಾರೆ? ಅದಕ್ಕೇ ಪಾತ್ರೆ. ಈಗ ಅದೂ ಬೇಡ ಅಂದ್ರೆ ಯಾವ ಮುಖ ಇಟ್ಕೊಂಡು ಒಳಗೆ ಬರ್ಲಿ?”

ರೋಂಡಾಳಿಗೆ ಈಗ ಅರ್ಥವಾಯಿತು. ತಾನು ಬೋರ್ಡು ಹಾಕಿ ತಡೆದದ್ದು ಹಾಟ್‌ಡಿಶ್ಶನ್ನಲ್ಲ, ಈ ಮನುಷ್ಯನನ್ನೇ. ಸತ್ಯ ಹೇಳಿದರೆ ಅವನು ಇನ್ನೆಂದೂ ಬರಲಾರ. ಅಂಗಡಿಯ ಗಾಜಿನ ಆಚೆ ನೋಡಿದಳು. ಮೇಜಿನ ಸುತ್ತ ನಾಲ್ವರೂ ಕೈಕಟ್ಟಿ ಸುಮ್ಮನೆ ಕೂತಿದ್ದರು.

“ಅವರು ಆಡ್ತಿಲ್ಲ, ಗೊತ್ತಾ?” ಎಂದಳು. “ನೀವು ಬಿಟ್ಟಾಗಿಂದ ಒಂದು ಹೆಜ್ಜೆ ಮುಂದೆ ಹೋಗಿಲ್ಲ. ಗುಹೆ ಒಳಗೆ ಕತ್ತಲೆ. ದೀಪ ಇರೋದು ನಿಮ್ಮ ಕುಳ್ಳಿ ಕೈಲಿ.”

“ಅವಳ ಕೈಯಿಂದ ತಗೊಂಡು ಹೋಗ್ಬಾರ್ದಾ?”

“ಜಾಯ್ಸ್ ದೀಪ ಅಲ್ವಾ? ಕೇಳದೆ ತಗೊಳ್ಳೋದು ಸರಿಯಲ್ಲ ಅಂತ ಕಾಯ್ತಿದಾರೆ.”

ವೆಂಡೆಲ್ ಸಲಿಕೆಯನ್ನು ಗೋಡೆಗೆ ಒರಗಿಸಿದ. “ದಾರಿ ಮಧ್ಯೆ ನಿಂತುಹೋಗಿದಾರಾ? ಇಷ್ಟು ದಿನದಿಂದ?” ದನಿ ಏರಿತು. ಲಾರಿ ಓಡಿಸುತ್ತಿದ್ದ ಕಾಲದಲ್ಲೂ ಹಿಮದಲ್ಲಿ ಸಿಕ್ಕಿಬಿದ್ದವರನ್ನು ಬಿಟ್ಟು ಮನೆಗೆ ಹೋಗಿ ಅವನಿಗೆ ಗೊತ್ತಿರಲಿಲ್ಲ. “ಮೊದಲೇ ಬೊಗಳಕ್ಕೇನಾಗಿತ್ತು ನಿಂಗೆ?” ಎಂದ. ಬೆಮಿಜಿಯಲ್ಲಿ ಅಷ್ಟು ಒರಟು ಮಾತನ್ನು ರೋಂಡಾ ಕೇಳಿದ್ದು ಅದೇ ಮೊದಲು. ಅವಳಿಗೆ ಬಹಳ ಖುಷಿಯಾಯಿತು.

ಅವನು ಒಳಗೆ ಬಂದು ಜಾಯ್ಸಳ ಕುರ್ಚಿಯಲ್ಲಿ ಕೂತ. ಬಹಿಷ್ಕಾರ ಮುಂದುವರಿದಿದೆ, ತಾನು ಏನೂ ಕೊಳ್ಳುವುದಿಲ್ಲ ಎಂದು ಮೊದಲು ಸ್ಪಷ್ಟಪಡಿಸಿದ. ಆಮೇಲೆ ಕೇಳಿದ: “ಈಗ ಯಾವ ದಾಳ ಹಾಕ್ಬೇಕು?” ನಾಲ್ವರೂ ಒಟ್ಟಿಗೆ ಹೇಳಿದರು. ಗುಹೆಯಲ್ಲಿ ಬೆಳಕಾಯಿತು.

ಅಲ್ಲಿಗೇ ಬಿಡಬಹುದಿತ್ತು. ಆದರೆ ಹೈಡಿಗೆ ಕಣ್ಣು ತುಂಬಿ ಬಂತು, ಆಡಬಾರದ ಮಾತಾಡಿಬಿಟ್ಟಳು. “ವೆಂಡೆಲ್, ನಿಮ್ಮ ಹಾಟ್‌ಡಿಶ್ ಇಲ್ದೆ ಗುರುವಾರ ಅಂತಾನೇ ಅನ್ನಿಸ್ತಿರಲಿಲ್ಲ.”

ಕರ್ಟಿಸ್ ಮೇಜಿನಡಿ ಅವಳ ಕಾಲು ತುಳಿದ. ತಡವಾಗಿತ್ತು.

“ಗಾಡಿಯಲ್ಲಿದೆ,” ಎಂದು ವೆಂಡೆಲ್ ಎದ್ದ. “ಬಹಿಷ್ಕಾರ ಗೆದ್ದ ದಿನ ನೀವು ಹಸಿದಿರಬಾರದು ಅಂತ ವಾರವಾರ ತರ್ತಿದ್ದೆ.”

ರೋಂಡಾ ಬೋರ್ಡು ಕಿತ್ತು ತಟ್ಟೆಗಳನ್ನು ತಂದಳು. ತಾನೇ ನಿಂತು ಬಡಿಸಿದಳು. ಹೈಡಿಗೆ ಎರಡು ಸೌಟು, ಕರ್ಟಿಸ್‌ಗೆ ಮೂರು. ಕೊನೆಗೆ ವೆಂಡೆಲನ ಮುಂದೆಯೂ ಒಂದು ತುಂಬಿದ ತಟ್ಟೆ ಇಟ್ಟು, “ಇವತ್ತು ನೀವು ಮನೇಲಿ ಊಟ ಮಾಡಿಲ್ಲ ಅಂತ ನನಗೆ ಗೊತ್ತು,” ಎಂದಳು.

ಮೇಜಿನ ಸುತ್ತ ಎಲ್ಲರೂ ಅವನನ್ನೇ ನೋಡುತ್ತಿದ್ದರು. ವೆಂಡೆಲ್ ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ನುಂಗಿದ.

“ಆಹಾ,” ಎಂದ.