ಸಸ್ಯಶಾಸ್ತ್ರದೊಳಗಿನ ಕೊಲೆಗಾರ

ಕಾಲೇಜಿನಿಂದ ಪತ್ರ ಬಂದಾಗ ನಾನು ಅಂಟು ಕಲಕುತ್ತ ಕೂತಿದ್ದೆ. ನಮ್ಮದು ಪುಸ್ತಕಗಳಿಗೆ ಬೈಂಡು ಹಾಕುವ ಪುಟ್ಟ ಅಂಗಡಿ. ಅಜ್ಜಿ ದಾರ ಪೋಣಿಸಿ ಕೊಡುತ್ತಾಳೆ, ನಾನು ಹೊಲಿಯುತ್ತೇನೆ. ಬಾಯಿಗೆ ಮಾತ್ರ ಇಬ್ಬರೂ ಬಿಡುವು ಕೊಡುವುದಿಲ್ಲ.

ಪತ್ರ ನನ್ನನ್ನು ‘ಹೆಮ್ಮೆಯ ಹಳೆಯ ವಿದ್ಯಾರ್ಥಿನಿ’ ಎಂದು ಕರೆದಿತ್ತು. ಓದುವಾಗ ಯಾರೂ ಹಾಗೆ ಕರೆದ ನೆನಪಿಲ್ಲ. ಗ್ರಂಥಾಲಯಕ್ಕೆ ಹೊಸ ಪುಸ್ತಕ ಕೊಳ್ಳಲು ದೇಣಿಗೆ ಬೇಕಂತೆ. ಹರಿದ ಹಳೆಯವೆಲ್ಲ ತಿಂಗಳ ಕೊನೆಗೆ ರದ್ದಿಗೆ ಹೋಗುತ್ತವಂತೆ.

“ಕೊಡ್ತೀಯೇನೇ?” ಎಂದಳು ಅಜ್ಜಿ.

ಕೊಡಲು ನನ್ನಲ್ಲಿದ್ದದ್ದು ಕಾಗದ ಕತ್ತರಿಸುವ ಯಂತ್ರಕ್ಕೆಂದು ಎರಡು ವರ್ಷ ಕೂಡಿಟ್ಟ ದುಡ್ಡು ಮಾತ್ರ. ಈಗಿರುವ ಯಂತ್ರ ಹಲ್ಲುದುರಿದ ಮುದುಕನ ಹಾಗೆ ಕಾಗದವನ್ನು ಜಗಿಯುತ್ತದೆ.

“ಆ ಕಾಲೇಜು ನಿಂಗೇನು ಕೊಡ್ತು, ಅದ್ನ ಹೇಳು ಮೊದ್ಲು.”

ಏನು ಕೊಟ್ಟಿತು? ಪಾಠದ ನಡುವೆ ತೂಕಡಿಸುತ್ತಿದ್ದ ನನ್ನನ್ನು ಶಿಕ್ಷೆಯೆಂದು ಗ್ರಂಥಾಲಯಕ್ಕೆ ಅಟ್ಟುತ್ತಿದ್ದರು. ಅಲ್ಲಿನ ಮೇಡಂ ಬೈಯದೆ ಸೂಜಿ ದಾರ ಕೈಗಿಟ್ಟು, ಹರಿದ ಪುಸ್ತಕ ಹೊಲಿಯಲು ಕಲಿಸಿದರು. ನಮ್ಮ ಹೊಟ್ಟೆಪಾಡು ಅದರಿಂದಲೇ. ಆದರೆ ಅಲ್ಲೊಂದು ಎಡವಟ್ಟನ್ನೂ ಮಾಡಿಟ್ಟು ಬಂದಿದ್ದೆ. ಹತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

“ಅಜ್ಜೀ, ಒಂದು ಪತ್ತೇದಾರಿ ಕಾದಂಬರಿಯ ಕೊನೇ ಅಧ್ಯಾಯಾನ ಸಸ್ಯಶಾಸ್ತ್ರದ ಪುಸ್ತಕಕ್ಕೆ ಸೇರಿಸಿ ಹೊಲಿದ್ಬಿಟ್ಟಿದ್ದೆ. ಗೊತ್ತಾಗೋ ಹೊತ್ತಿಗೆ ಅಂಟು ಒಣಗಿತ್ತು. ಹೆದರ್ಕೊಂಡು ಎರಡನ್ನೂ ಕಪಾಟಿಗೆ ತುರುಕಿ ಬಂದೆ.”

ಅಜ್ಜಿಯ ಕೈಯಲ್ಲಿ ದಾರ ನಿಂತಿತು. ಚಿಕ್ಕಂದಿನಲ್ಲಿ ಕತೆಯ ನಡುವೆ ನಾನು ನಿದ್ದೆಹೋದರೂ ಕೊನೆಯನ್ನು ಗೋಡೆಗಾದರೂ ಹೇಳಿ ಮುಗಿಸಿ ಮಲಗುತ್ತಿದ್ದವಳು ಅವಳು.

“ಹತ್ತು ವರ್ಷದಿಂದ ಓದಿದೋರಿಗೆಲ್ಲ ಕೊಲೆ ಮಾಡಿದ್ಯಾರು ಅಂತಾನೇ ಗೊತ್ತಿಲ್ವಾ? ಅಯ್ಯೋ ಪಾಪಿ! ದುಡ್ಡಿನ ಮಾತು ಆಮೇಲೆ. ಸೂಜಿ ತಗೊಂಡು ಹೊರಡು.”

ಮರುದಿನ ದುಡ್ಡು, ಸೂಜಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಮೇಡಂ ಅವರ ಕನ್ನಡಕ ದಪ್ಪವಾಗಿತ್ತು, ಮಿಕ್ಕಿದ್ದೆಲ್ಲ ಹಾಗೇ ಇತ್ತು.

“ಬಾರಮ್ಮ ತೂಕಡಿಕೆ!” ಎಂದರು.

ತಪ್ಪೊಪ್ಪಿಕೊಂಡೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಆ ಕಾದಂಬರಿಯನ್ನು ತಂದು ನನ್ನ ಮುಂದೆ ತೆರೆದರು. ಅದರಲ್ಲಿ ಉಳಿದಿದ್ದ ಕೊನೆಯ ಪುಟದ ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ ಬರೆದಿದ್ದರು: ‘ಕೊಲೆಗಾರ ಬೇಕಾದರೆ ಸಸ್ಯಶಾಸ್ತ್ರದಲ್ಲಿ ಬೇರುಗಳ ಪಾಠದ ನಂತರ ಹುಡುಕಿ.’ ಅದರ ಕೆಳಗೆ ಬೇರೆ ಬೇರೆ ಕೈಬರಹ: ‘ಬದುಕಿಸಿದಿರಿ.’ ‘ನನಗೆ ಮೊದಲೇ ಅನುಮಾನವಿತ್ತು.’ ‘ಬೇರುಗಳ ಪಾಠವೂ ಚೆನ್ನಾಗಿದೆ.’

“ಆ ಸಸ್ಯಶಾಸ್ತ್ರದಷ್ಟು ಓಡಾಡಿದ ಪುಸ್ತಕ ಇಲ್ಲಿ ಇನ್ನೊಂದಿಲ್ಲ ಕಣೇ,” ಎಂದರು ಮೇಡಂ. “ಈಗ ಎರಡೂ ರದ್ದಿಗೆ. ಹರಿದಿವೆಯಂತೆ.”

ಮೂಲೆಯಲ್ಲಿ ಹಗ್ಗ ಬಿಗಿದ ಕಟ್ಟುಗಳು ಕಾಯುತ್ತ ಕೂತಿದ್ದವು. ಕೆಲವುಗಳ ಬೆನ್ನಿನಲ್ಲಿ ನನ್ನ ಹಳೆಯ ಸೊಟ್ಟ ಹೊಲಿಗೆ ಕಾಣುತ್ತಿತ್ತು.

“ಮೇಡಂ, ನಾನು ದುಡ್ಡು ಕೊಡಲ್ಲ,” ಎಂದುಬಿಟ್ಟೆ. “ಅದ್ರಲ್ಲಿ ಕಾಗದ ಕತ್ತರಿಸೋ ಯಂತ್ರ ತಗೋತೀನಿ. ಇವನ್ನೆಲ್ಲ ನಮ್ಮ ಅಂಗಡಿಗೆ ಕಳ್ಸಿ, ಪುಕ್ಕಟೆ ಬೈಂಡ್ ಹಾಕ್ಕೊಡ್ತೀನಿ. ಗಟ್ಟಿಯಾಗಿ ವಾಪಸ್ ಬಂದ್ರೆ ಯಾರು ಎಸೀತಾರೆ?”

“ದೇಣಿಗೆ ಫಾರಂನಲ್ಲಿ ಮೊತ್ತ ಅಂತಿದೆಯಲ್ಲೇ, ಅಲ್ಲೇನು ಬರೀಲಿ?”

“ಒಂದು ಗಾಡಿ ಪುಸ್ತಕ ಅಂತ ಬರ್ಕೊಳ್ಳಿ.”

ಅವರು ನಿಜಕ್ಕೂ ಹಾಗೇ ಬರೆದುಕೊಂಡರು.

ಹೊಸ ಯಂತ್ರ ಈಗ ಬೆಣ್ಣೆಯ ಹಾಗೆ ಕತ್ತರಿಸುತ್ತದೆ. ಕಟ್ಟುಗಳೆಲ್ಲ ಮುಗಿದಿವೆ, ಆ ಎರಡು ಪುಸ್ತಕ ಬಿಟ್ಟು. ಕೊನೆಯ ಅಧ್ಯಾಯವನ್ನು ಅದರ ಕಾದಂಬರಿಗೇ ಸೇರಿಸೋಣವೆಂದು ಇವತ್ತು ಅಜ್ಜಿಯ ಮಡಿಲಲ್ಲಿದ್ದ ಸಸ್ಯಶಾಸ್ತ್ರಕ್ಕೆ ಕೈ ಚಾಚಿದೆ.

“ಮುಟ್ಟಬೇಡ,” ಎಂದಳು ಅಜ್ಜಿ, ಪುಟದಿಂದ ಕಣ್ಣೆತ್ತದೆ. “ನಾನಿನ್ನೂ ಬೇರಿನಲ್ಲಿದ್ದೀನಿ.”