ಬಣ್ಣವಿಲ್ಲದ ಗುಟುಕು

ಬಾಟಲಿಗಳನ್ನು ಇವರು ಊಟದ ಮೇಜಿನ ಮೇಲಿಟ್ಟ ಸದ್ದಿಗೇ ನನ್ನ ಕೈ ತಣ್ಣಗಾಯಿತು. ಮೂರು ವಿಸ್ಕಿ, ಎರಡು ವೋಡ್ಕಾ. ಹೋದ ಭಾನುವಾರವೂ ಇದೇ ಸದ್ದು ಕೇಳಿದ್ದೆ. ಅದಕ್ಕೆ ಮುಂಚೆ ವರ್ಷಗಟ್ಟಲೆ ಕೇಳಿರಲಿಲ್ಲ. ನಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಮನೆಗೆ ಕೆಮ್ಮಿನ ಸಿರಪ್ ತರುವಾಗಲೂ ಲೇಬಲ್ಲಿನ ಸಣ್ಣಕ್ಷರ ಓದಿ, ಅದರಲ್ಲಿ ಆಲ್ಕೋಹಾಲ್ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ತರುವವಳು ನಾನು.

ಇವರು ಹೋಟೆಲೊಂದರ ಲಾಂಡ್ರಿಯಲ್ಲಿ ಮೇಲ್ವಿಚಾರಕರು. ಒಂದು ಕಾಲಕ್ಕೆ ಅದೇ ಹೋಟೆಲಿನ ಬಾರಿನಲ್ಲಿದ್ದರು. ಬಂದವರಿಗೆಲ್ಲ ಅಳೆದು ಕೊಡುತ್ತ, ತಮಗೆ ಮಾತ್ರ ಅಳೆಯದೆ ಹಾಕಿಕೊಳ್ಳುತ್ತ, ಕೊನೆಗೊಂದು ದಿನ ಗಿರಾಕಿಗಳ ಎದುರಿಗೇ ಕೌಂಟರಿನ ಹಿಂದೆ ಕುಸಿದುಬಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಹನಿ ಮುಟ್ಟಲಿಲ್ಲ. ಮಾಲೀಕರು ಕರುಣೆ ತೋರಿಸಿ ಲಾಂಡ್ರಿಗೆ ಹಾಕಿದರು. ಈಗ ಬಾರಿಗೆ ಸರಕು ಆರಿಸುತ್ತಿದ್ದವನು ಬಿಟ್ಟುಹೋಗಿ, ಹೊಸ ಮ್ಯಾನೇಜರ್ ಇವರನ್ನೇ ಕರೆದಿದ್ದರು. ನಿಮ್ಮಷ್ಟು ಚುರುಕು ಮೂಗು ಈ ಹೋಟೆಲಿನಲ್ಲಿ ಯಾರಿಗೂ ಇಲ್ಲವಂತೆ, ಬರ್ತೀರಾ ಎಂದು ಕೇಳಿದ್ದರು.

ಅವತ್ತು ಮನೆಗೆ ಬಂದ ಇವರ ಮುಖದಲ್ಲಿ, ಮದುವೆಯಾದ ಹೊಸತರಲ್ಲಿ ಕಂಡಿದ್ದ ಕಳೆ ಇತ್ತು. ಅದನ್ನು ಕಂಡೇ ನನಗೆ ಹೆದರಿಕೆ ಶುರುವಾದದ್ದು.

"ಕುಡಿಯೋದಲ್ಲ ಕಣೆ, ರುಚಿ ನೋಡೋದು. ಬಾಯಲ್ಲಿಟ್ಕೊಂಡು ಉಗಿಯೋದು. ಈ ಕೆಲಸದೋರೆಲ್ಲ ಹಾಗೇ ಮಾಡೋದು."

"ಬಾಯಿಂದ ಗಂಟಲಿಗೆ ಎಷ್ಟು ದೂರ ರೀ?"

"ಅದಕ್ಕೇ ಮೊದಲು ಮನೇಲಿ ನೋಡ್ತೀನಿ ಅಂದೆ. ಮೂರು ಭಾನುವಾರ, ಮಧ್ಯಾಹ್ನ, ನಿನ್ನ ಕಣ್ಣೆದುರಿಗೇ. ನಿಂಗೆ ಸರಿ ಅನ್ನಿಸಿದ್ರೆ ಹೂಂ ಅಂತೀನಿ. ಇಲ್ಲಾಂದ್ರೆ ನನ್ನ ಬೆಡ್‌ಶೀಟುಗಳಿವೆಯಲ್ಲ, ಅವೇನು ನನ್ನ ಬಿಟ್ಟು ಓಡಿಹೋಗಲ್ಲ."

ಹೋಟೆಲಿನ ಹುಡುಗರು ಇವರನ್ನು ಹಿಂದಿನಿಂದ 'ಬೆಡ್‌ಶೀಟ್ ಸಾಹೇಬ್ರು' ಎನ್ನುವುದು ನನಗೆ ಗೊತ್ತಿತ್ತು. ಬೇಡ ಅನ್ನಲಾರದೆ ಹೂಂ ಎಂದೆ.

ಕುಡಿದ ಗಂಡಂದಿರು ತಟ್ಟೆ ಎಸೆಯುತ್ತಾರೆ, ಕೈ ಎತ್ತುತ್ತಾರೆ ಎಂದು ಕೇಳಿದ್ದೇನೆ. ಇವರು ಅಂಥವರಲ್ಲ. ಕುಡಿದರೆ ಇವರಿಗೆ ಕೆಲಸದ ಹುಚ್ಚು ಹತ್ತುತ್ತಿತ್ತು. ಮನೆಮಂದಿಯ ಚಪ್ಪಲಿ, ಬೂಟುಗಳನ್ನೆಲ್ಲ ಒರೆಸಿ, ಪಾಲಿಶ್ ಮಾಡಿ, ಬಾಗಿಲ ಬಳಿ ಸಾಲಾಗಿ ಜೋಡಿಸಿಡುತ್ತಿದ್ದರು. "ಎಂಥಾ ಗಂಡ ಸಿಕ್ಕಿದಾರಮ್ಮ ನಿಮಗೆ!" ಎಂದು ಪಕ್ಕದ ಮನೆಯಾಕೆ ಹೊಟ್ಟೆಕಿಚ್ಚು ಪಟ್ಟಿದ್ದಳು. ಬೆಳಿಗ್ಗೆ ಎದ್ದಾಗ ಬಾಗಿಲ ಬಳಿ ಬೂಟುಗಳು ಫಳಫಳ ಹೊಳೆಯುತ್ತಿದ್ದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಇವತ್ತಿಗೂ ಇವರು ಸುಮ್ಮಸುಮ್ಮನೆ ಏನನ್ನಾದರೂ ಒರೆಸುತ್ತಿದ್ದರೆ ನಾನು ಹೋಗಿ ಅವರ ಕಣ್ಣು ನೋಡುತ್ತೇನೆ.

ಮೇಜಿನ ಮೇಲೆ ಬಿಳಿ ಟವೆಲ್ ಹಾಸಿದರು. ವಿಸ್ಕಿಯ ಬಣ್ಣ ಸರಿಯಾಗಿ ಕಾಣಬೇಕಂತೆ. ಬಾಯಿ ಕಿರಿದಾದ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟರು. ಸುರಿಯಲು ನಾನು ಅಂಗಡಿಯಿಂದ ತಂದ, ಗೆರೆ ಹಾಕಿದ ಔಷಧಿ ಕಪ್. ಉಗಿಯಲು ಎರಡು ಸ್ಟೀಲ್ ಮಗ್, ವಿಸ್ಕಿಗೊಂದು, ವೋಡ್ಕಾಕ್ಕೊಂದು. ಅಳೆದು ಸುರಿಯುವವಳು ನಾನು. ಕೊನೆಯಲ್ಲಿ ಮಗ್ಗಿನಲ್ಲಿದ್ದದ್ದನ್ನು ಅಳೆದು ಚೆಲ್ಲುವವಳೂ ನಾನೇ. ಹಾಗಂತ ನಾವು ಮಾತಾಡಿಕೊಂಡಿರಲಿಲ್ಲ. ಹೋದ ವಾರ ನಾನು ಅಳೆದೆ, ಇವರು ನೋಡಿಯೂ ನೋಡದವರಂತಿದ್ದರು. ಸುರಿದದ್ದಕ್ಕಿಂತ ತುಸು ಹೆಚ್ಚೇ ವಾಪಸು ಬಂದಿತ್ತು. ಜೊಲ್ಲೂ ಸೇರುತ್ತದಲ್ಲ.

ಗೋಡೆ ಬದಿಯ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಮಗ ಮೊದಲ ಗುಟುಕನ್ನು ಬಾಯಲ್ಲಿ ಆಡಿಸಿ ಮಗ್ಗಿಗೆ ಉಗಿದದ್ದೇ ತಡ, ಶುರುಮಾಡಿದರು.

"ಏನೋ ಇದು, ಹಲ್ಲುನೋವಿನೋರ ಥರ ಮುಕ್ಕಳಿಸ್ತೀಯ! ಒಂದು ಕಾಲದಲ್ಲಿ ನೆಲಕ್ಕೆ ಬಿದ್ದಿದ್ದನ್ನೂ ಬಿಡ್ತಿರಲಿಲ್ಲ, ಈಗ ಉಗಿಯೋಕೆ ಸಂಬಳ ಕೊಡ್ತಾರಾ?"

"ಹೂಂನಮ್ಮ. ಉಗಿಸ್ಕೊಳ್ಳೋದನ್ನ ನಿನ್ನ ಹತ್ರ ಕಲಿತೆ. ಉಗಿಯೋದನ್ನ ಈಗ ಕಲೀತಿದೀನಿ."

ಅತ್ತೆ ನಕ್ಕರು. ನಾನೂ ನಕ್ಕಂತೆ ಮಾಡಿದೆ. ನನ್ನ ಕಣ್ಣೆಲ್ಲ ಇವರ ಗಂಟಲಮಣಿಯ ಮೇಲಿತ್ತು. ನುಂಗಿದರೆ ಅದು ಮೇಲೆ ಹೋಗಿ ಕೆಳಗಿಳಿಯುತ್ತದೆ, ಮಾತಾಡಿದರೂ ಅಲುಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ನಾನು ಒಂದು ವಾರದಿಂದ ಊಟದ ಹೊತ್ತಿನಲ್ಲಿ, ಚಹಾದ ಹೊತ್ತಿನಲ್ಲಿ ಕದ್ದು ಕದ್ದು ಅಭ್ಯಾಸ ಮಾಡಿದ್ದೆ.

"ಇದು ಮೂಸಿ ನೋಡು," ಎಂದು ಲೋಟ ನನ್ನ ಕಡೆ ಚಾಚಿದರು. "ಒದ್ದೆ ಕಟ್ಟಿಗೆ ಉರಿಸಿದ ಹಾಗಿದೆ. ಇದು, ಸಕ್ಕರೆ ಸೀದುಹೋದ ಹಾಗೆ. ಮೂರನೇದು ನಮ್ಮ ಮ್ಯಾನೇಜರ್ ಥರ. ಬಣ್ಣ ಚೆನ್ನಾಗಿದೆ, ಒಳಗೇನಿಲ್ಲ." ಅವರ ದನಿ ಹಗುರಾಗಿತ್ತು. ಬಲ್ಲ ಕೆಲಸವನ್ನು ಬಹಳ ದಿನದ ಮೇಲೆ ಮತ್ತೆ ಕೈಗೆತ್ತಿಕೊಂಡವರ ದನಿ. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು, ಆದರೂ ಕಣ್ಣು ಗಂಟಲಮಣಿಯನ್ನು ಬಿಡಲಿಲ್ಲ.

ವಿಸ್ಕಿಯ ಬಗ್ಗೆ ನನಗೆ ಅಷ್ಟು ಭಯವಿರಲಿಲ್ಲ. ನುಂಗಿ ನೀರು ಬೆರೆಸಿದರೆ ಮಗ್ಗಿನಲ್ಲಿ ಬಣ್ಣ ತೆಳುವಾಗಿ ಕಾಣುತ್ತದೆ. ಹೆದರಿಕೆ ಇದ್ದದ್ದು ವೋಡ್ಕಾದ್ದು. ಬಣ್ಣವಿಲ್ಲ, ವಾಸನೆಯೂ ಹೇಳಿಕೊಳ್ಳುವಂಥದ್ದಲ್ಲ. ಕುಡಿಯುತ್ತಿದ್ದ ಕಾಲದಲ್ಲಿ ಇವರು ಫ್ರಿಜ್ಜಿನ ನೀರಿನ ಬಾಟಲಿಯಲ್ಲೇ ಅದನ್ನು ಇಟ್ಟಿದ್ದು, ನಾನು ಅದರಿಂದ ಹೂಕುಂಡಕ್ಕೆ ನೀರು ಹಾಕಿದ್ದೂ ಉಂಟು.

"ವೋಡ್ಕಾದಲ್ಲಿ ಏನಿದೆ ಅಂತ ಹುಡುಕಬಾರದು ಕಣೆ. ಏನೇನಿಲ್ಲ ಅಂತ ನೋಡ್ಬೇಕು. ಒಳ್ಳೇದಾದ್ರೆ ಗಂಟಲು ಕೆರೆಯಲ್ಲ."

"ಗಂಟಲಿಗೆ ಹೋಗೋದೇ ಇಲ್ಲ ಅಂದಿದ್ರಿ?"

"ಮಾತಿಗೆ ಹೇಳಿದೆ. ನಾಲಿಗೆ ಬುಡ ಅಂತಿಟ್ಕೊ."

ನಾನು ಎರಡೂ ವೋಡ್ಕಾ ಅಳೆದು ಲೋಟಕ್ಕೆ ಸುರಿದಿದ್ದೆನಷ್ಟೆ, ಸ್ನಾನಕ್ಕೆ ಹೋಗಿದ್ದ ಅತ್ತೆ ಬಚ್ಚಲಿನಿಂದ ಕೂಗಿದರು. ಮಂಡಿ ಹಿಡಿದುಕೊಂಡು ಸ್ಟೂಲಿನಿಂದ ಏಳಲಾಗುತ್ತಿರಲಿಲ್ಲ. ಹೋಗಲೇಬೇಕಾಯಿತು. ಅವರನ್ನು ಎಬ್ಬಿಸಿ, ಒರೆಸಿ, ಬಟ್ಟೆ ತೊಡಿಸುವಷ್ಟೂ ಹೊತ್ತು ನನ್ನ ಕಿವಿ ಊಟದ ಮನೆಯಲ್ಲೇ ಇತ್ತು.

"ನಿಧಾನ ಕಣಮ್ಮ, ನಾನೇನು ಪಾತ್ರೆನಾ, ಹೀಗೆ ತಿಕ್ತೀಯ," ಎಂದರು ಅತ್ತೆ. ಆಮೇಲೆ ನನ್ನ ಮುಖ ನೋಡಿ, ದನಿ ತಗ್ಗಿಸಿ, "ಹೋಗು, ಹೋಗಿ ನೋಡು. ನಾನು ಗೋಡೆ ಹಿಡ್ಕೊಂಡು ಬರ್ತೀನಿ," ಎಂದರು.

ನಾನು ಬಂದಾಗ ಇವರು ಅಡುಗೆಮನೆಯಲ್ಲಿ ನಿಂತು ಲೋಟ ತೊಳೆಯುತ್ತಿದ್ದರು. ತೊಳೆದದ್ದನ್ನು ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಮತ್ತೆ ಕೀಚ್ ಕೀಚ್ ಎನ್ನುವಂತೆ ತಿಕ್ಕುತ್ತಿದ್ದರು.

"ಮುಗೀತಾ?" ಎಂದೆ.

"ಮುಗೀತು. ಎರಡನೇದೇ ವಾಸಿ." ತಿರುಗಿ ನೋಡಲಿಲ್ಲ. "ಮೇಲೆ ಬಟ್ಟೆ ಒಣಗಿರತ್ತೆ, ತರ್ತೀನಿ," ಎಂದು ಮಹಡಿ ಮೆಟ್ಟಿಲು ಹತ್ತಿಹೋದರು. ಇವರು ಬಟ್ಟೆ ತರುತ್ತೇನೆ ಎನ್ನುವುದೆಂದರೇನು!

ವೋಡ್ಕಾದ ಮಗ್ಗನ್ನು ಅಳೆದೆ. ಅಳತೆ ಸರಿಯಾಗಿತ್ತು. ಸುರಿದದ್ದಕ್ಕಿಂತ ತುಸು ಹೆಚ್ಚು, ಹೋದ ವಾರದಂತೆಯೇ. ಆದರೆ ನಲ್ಲಿ ಪಕ್ಕದಲ್ಲೇ ಇರುವಾಗ ಅಳತೆಯನ್ನು ಏನಂತ ನಂಬುವುದು? ಮೂಸಿದೆ. ಹೋದ ವಾರ ಮೂಗಿಗೆ ಚುಚ್ಚಿದಂತಾಗಿತ್ತು. ಈಗ ಚುಚ್ಚಲಿಲ್ಲವೋ, ಅಥವಾ ನನ್ನ ಮೂಗೇ ಹೆದರಿ ಕೆಲಸ ನಿಲ್ಲಿಸಿತ್ತೋ. ಅಷ್ಟು ವರ್ಷ ಅವರ ಜೊತೆ ಬಾಳಿಯೂ ಅದರ ರುಚಿ ಹೇಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ತಿಳಿಯದ ರುಚಿಯಲ್ಲಿ ನೀರು ಬೆರೆತಿದೆಯೆಂದು ಹೇಗೆ ಹೇಳಲಿ?

ಔಷಧಿ ಕಪ್ಪಿಗೆ ಬಾಟಲಿಯ ವೋಡ್ಕಾ ಒಂದಿಷ್ಟು ಸುರಿದುಕೊಂಡು ಬಾಯಿಗೆ ಹಾಕಿಕೊಂಡೆ. ಮೊದಲು ಏನೂ ಇಲ್ಲ, ಬರೀ ತಣ್ಣಗೆ. ಆಮೇಲೆ ನಾಲಗೆಯ ಹಿಂಭಾಗದಲ್ಲಿ ಯಾರೋ ಬೆಂಕಿಕಡ್ಡಿ ಗೀರಿದ ಹಾಗೆ. ಸಿಂಕಿಗೆ ಉಗಿದೆ. ಕಣ್ಣಲ್ಲಿ ನೀರು ಬಂತು. ಈಗ ಮಗ್. ಇವರ ಎಂಜಲು ನನಗೇನು ಹೊಸದೇ ಎಂದು ನನಗೆ ನಾನೇ ಹೇಳಿಕೊಂಡು, ಉಸಿರು ಬಿಗಿಹಿಡಿದು ಒಂದು ಗುಟುಕು ಬಾಯಲ್ಲಿಟ್ಟುಕೊಂಡೆ. ಕಾದೆ. ಕಡ್ಡಿ ಹತ್ತಿಕೊಳ್ಳಲಿಲ್ಲ. ಹೊಗೆಯಾಡಿದಂತಾಗಿ ಆರಿಹೋಯಿತು.

ಇಲ್ಲ, ನಾನೇ ತಪ್ಪು ತಿಳಿದಿರಬೇಕು. ಮೊದಲ ಗುಟುಕಿಗೇ ನಾಲಗೆ ಜಡ್ಡುಗಟ್ಟಿರಬೇಕು. ನೀರು ಮುಕ್ಕಳಿಸಿ ಮತ್ತೆ ಬಾಟಲಿಯದನ್ನು ಸುರಿದುಕೊಂಡೆ. ಮತ್ತೆ ಮಗ್ಗಿನದು. ಮತ್ತೆ ಬಾಟಲಿಯದು, ಇನ್ನೂ ಸ್ವಲ್ಪ ಹೆಚ್ಚು, ಖಚಿತವಾಗಲಿ ಎಂದು. ಆ ಸಲ ಉಗಿಯಬೇಕೆನ್ನುವುದೇ ಮರೆತುಹೋಯಿತು. ಬೆಚ್ಚನೆಯದೊಂದು ಗೆರೆ ಎದೆಯೊಳಗೆ ಇಳಿದು ಹರಡಿಕೊಂಡಿತು. ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದ ಭುಜಗಳು ತಾವಾಗಿಯೇ ಸಡಿಲಾದವು. ಹಿತವಾಗಿತ್ತು. ಅದು ಹಿತವಾಗಿತ್ತು ಎನ್ನುವುದೇ ಆ ಮಧ್ಯಾಹ್ನ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಇದರ ಜೊತೆಗೆ ಇಷ್ಟು ವರ್ಷ ಬರಿಗೈಯಲ್ಲಿ ಗುದ್ದಾಡುತ್ತಿದ್ದೆನೇ ನಾನು?

"ನುಂಗಿದ್ಯಾ?"

ಬಾಗಿಲಲ್ಲಿ ಇವರು. ತೋಳಿನ ತುಂಬ ಬಟ್ಟೆ. ಕಣ್ಣು ನನ್ನ ಗಂಟಲಿನ ಮೇಲಿತ್ತು.

ಒಂದು ಕೈಯಲ್ಲಿ ಕಪ್, ಇನ್ನೊಂದರಲ್ಲಿ ಮಗ್. ಏನು ನಡೆಯುತ್ತಿದೆಯೆಂದು ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹಿಂದೆಯಾಗಿದ್ದರೆ ಆಣೆ ಇಡುತ್ತಿದ್ದರು, ನನ್ನ ಅನುಮಾನಕ್ಕೆ ಕಣ್ಣೀರು ಹಾಕುತ್ತಿದ್ದರು, ಕೊನೆಗೆ ನಾನೇ ಕ್ಷಮೆ ಕೇಳುವಂತಾಗುತ್ತಿತ್ತು. ಆ ಸರದಿಗಾಗಿ ಕಾದು ನಿಂತೆ.

ಬಟ್ಟೆಯ ರಾಶಿಯನ್ನು ನೆಲಕ್ಕೆ ಬಿಟ್ಟರು. "ಎರಡನೇದು," ಎಂದರು. "ನೀನು ಅಮ್ಮನ ಹತ್ರ ಹೋದ ಕೂಡ್ಲೆ. ಬಾಯಲ್ಲಿಟ್ಕೊಂಡು ನಿಂತಿದ್ದೆ, ನೀನು ಬರೋವರೆಗೂ ಹೀಗೇ ಇಟ್ಕೊಳ್ಳೋಣ ಅಂತ. ಆಗಲಿಲ್ಲ. ಆಮೇಲೆ ನಲ್ಲಿ ತಿರುಗಿಸಿದೆ. ಅದು ಹೇಗೆ ಅಂತ ಕೈಗೆ ಮರೆತೇ ಇಲ್ಲ ಕಣೆ."

ಗೋಡೆ ಹಿಡಿದುಕೊಂಡು ಬಂದ ಅತ್ತೆ ನಮ್ಮಿಬ್ಬರನ್ನೂ, ಮೇಜನ್ನೂ ನೋಡಿದರು. ಕುರ್ಚಿಯಲ್ಲಿ ಕೂತು, "ಆ ದರಿದ್ರಗಳನ್ನ ಮೊದಲು ಹೊರಗೆ ಹಾಕ್ರೋ," ಎಂದರು.

ಹೊರಗೆ ಹಾಕುವಂತಿರಲಿಲ್ಲ. ಅವು ಹೋಟೆಲಿನವು, ಸೋಮವಾರ ವಾಪಸು ಕೊಡಬೇಕು. ಸೋಮವಾರದವರೆಗೆ ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ. ಇವರ ಕೈಗೆ ಕೊಟ್ಟು ಕಳಿಸುವ ಧೈರ್ಯವಿರಲಿಲ್ಲ. ಇವರನ್ನು ಮನೆಯಲ್ಲಿ ಬಿಟ್ಟು ನಾನೇ ಕೊಂಡೊಯ್ಯುವ ಧೈರ್ಯವೂ ಇರಲಿಲ್ಲ. "ಇಬ್ರೂ ಹೋಗೋಣ," ಎಂದರು ಇವರೇ. ಬಾಟಲಿಗಳಿಗೆ ಒಂದೊಂದಕ್ಕೂ ಟವೆಲ್ ಸುತ್ತಿ ಚೀಲಕ್ಕೆ ಹಾಕಿದೆ. ಬಸ್ಸಿನಲ್ಲಿ ಚೀಲವನ್ನು ಕಿಟಕಿಯ ಕಡೆ, ನನ್ನ ಕಾಲುಗಳ ನಡುವೆ ಇಟ್ಟುಕೊಂಡೆ. ಪಕ್ಕದಲ್ಲಿ ಇವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಹುದುಗಿಸಿಕೊಂಡು ಕೂತಿದ್ದರು. ಟವೆಲ್ ಸುತ್ತಿದ್ದರೂ ಚೀಲ ಪ್ರತಿ ತಿರುವಿನಲ್ಲೂ ಮೆಲ್ಲಗೆ ಕಿಣಿಕಿಣಿ ಎನ್ನುತ್ತಿತ್ತು.

ಮ್ಯಾನೇಜರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು. ನನಗೆ ಕುರ್ಚಿ ಹಾಕಿಸಿದರು. ಇವರು ಕೂರಲಿಲ್ಲ.

"ನನ್ನಿಂದ ಈ ಕೆಲಸ ಆಗಲ್ಲ ಸರ್. ಇವತ್ತು ಕುಡಿದೆ."

"ಎಷ್ಟು?"

"ಒಂದು ಗುಟುಕು."

ಮ್ಯಾನೇಜರ್ ನಕ್ಕುಬಿಟ್ಟರು. "ಅಷ್ಟೇನಾ! ಒಂದು ಗುಟುಕಿಗೆ ಏನಾಗತ್ತೆ ಬಿಡಿ ಸರ್. ನಾಳೆ ಯೋಚಿಸಿ ಹೇಳಿ."

ಎಷ್ಟು ಸಲೀಸಾಗಿ ಹೇಳಿದರು! ಇವರ ಮುಖದ ಮೇಲೆ ಅದೇ ಹೊಸ ಮದುವೆಯ ಕಳೆ ಒಂದು ಗಳಿಗೆ ಬಂದು, ಹೋಗುವುದೋ ಬೇಡವೋ ಎಂದು ನಿಂತದ್ದನ್ನು ಕಣ್ಣಾರೆ ಕಂಡೆ.

"ನನಗೆ ಒಂದು ಗುಟುಕು ಅನ್ನೋದು ಇಲ್ಲ ಸರ್," ಎಂದರು. "ನನ್ನ ಬೆಡ್‌ಶೀಟೇ ನನಗಿರಲಿ."

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಭಾನುವಾರದ ಬಸ್ಸುಗಳು ಕಡಿಮೆ, ನಡೆದೇ ಹೊರಟೆವು. ನಾನು ನೇರ ರಸ್ತೆಗೆ ತಿರುಗಿದೆ. ಇವರು ನಿಂತರು.

"ಈ ಕಡೆ," ಎಂದು ಎಡಗಡೆಯ ಸಂದಿ ತೋರಿಸಿದರು.

"ಅದು ಸುತ್ತು ಅಲ್ವೇನ್ರೀ?"

"ಸುತ್ತೇ. ಆ ರಸ್ತೇಲಿ ಅಂಗಡಿ ಇದೆ."

ಯಾವ ಅಂಗಡಿ ಎಂದು ಕೇಳಲಿಲ್ಲ. ಸಂದಿಯೊಳಗೆ ಬಡಗಿಯ ಶೆಡ್ಡು, ಆಮೇಲೆ ಗೋಡೌನಿನ ಉದ್ದನೆ ಗೋಡೆ, ಆಮೇಲೆ ಚರಂಡಿಯ ಮೇಲೆ ಹಾಸಿದ ಹಲಗೆ. ಹಲಗೆಯ ಯಾವ ತುದಿ ಅಲುಗುತ್ತದೆಂದು ಇವರಿಗೆ ಗೊತ್ತಿತ್ತು. ಕಂದು ನಾಯಿಯೊಂದು ಬಾಲ ಅಲ್ಲಾಡಿಸುತ್ತ ಬಂದು ಇವರ ಕಾಲು ಮೂಸಿ, ನನ್ನನ್ನು ಕಂಡು ಗುರ್ ಎಂದಿತು.

"ದಿನಾ ಇಲ್ಲೇ ಬರ್ತೀರಾ?"

"ದಿನಾ."

ಲಾಂಡ್ರಿ ಸೇರಿದಂದಿನಿಂದ ಇವರು ಮನೆಗೆ ತಡವಾಗಿಯೇ ಬರುತ್ತಿದ್ದರು. ಪ್ರತಿ ಸಂಜೆ ಬಾಗಿಲು ತೆಗೆಯುವ ನೆಪದಲ್ಲಿ ಹತ್ತಿರ ಹೋಗಿ ನಾನು ಅವರ ಉಸಿರು ಮೂಸುತ್ತಿದ್ದೆ. ಆ ತಡವೆಲ್ಲ ಈ ಸಂದಿಯದ್ದಾಗಿತ್ತು. ನನಗೊಬ್ಬಳಿಗೇ ಭಯ ಎಂದುಕೊಂಡಿದ್ದೆ.

"ನಾಳೆ ನನ್ನ ಕೆಲಸ ಬೇಗ ಮುಗಿಸ್ಕೊಂಡು ಹೋಟೆಲ್ ಹತ್ರ ಬಂದು ನಿಂತಿರ್ಲಾ?" ಎಂದೆ. ನಾನೇನು ಚಿಕ್ಕ ಮಗುನಾ ಎಂದು ರೇಗುತ್ತಾರೆ, ರೇಗಲಿ ಎಂದೇ ಕೇಳಿದ್ದು.

"ಹೂಂ, ಬಾ," ಎಂದರು.

ನನ್ನ ಮಾತು ಮುಗಿಯುವುದಕ್ಕೂ ಬಿಡದೆ ಎಷ್ಟು ಬೇಗ ಅಂದರೆಂದರೆ, ನನ್ನ ಕೈಕಾಲು ಮತ್ತೆ ತಣ್ಣಗಾದವು. ಅವರ ತೋಳು ಹಿಡಿದುಕೊಂಡೆ. ನಾಯಿ ಸಂದಿಯ ಕೊನೆಯವರೆಗೂ ನಮ್ಮ ಹಿಂದೆಯೇ ಬಂತು.